ತಳದ ಚುಕ್ಕಿ

ದಿಲೀಪ ಕಪ್ಪನ್ನು ತಿರುವಿದ. ತಳದಲ್ಲಿ ಎಳ್ಳುಕಾಳಿನಷ್ಟು ತಗ್ಗು. ಒಂದು ಚುಕ್ಕಿ. ಇನ್ನೊಂದು ತಿರುವಿದ. ಅದಕ್ಕೂ ಚುಕ್ಕಿ. ಪಕ್ಕದ ಡಬ್ಬಿಯ ಕಪ್‌ಗಳ ತಳ ಮಾತ್ರ ನುಣ್ಣಗಿತ್ತು.

"ಅಕ್ಕಾ, ಏನಿದು?"

ಪಂಚಶೀಲಾ ಅಚ್ಚಿನ ಯಂತ್ರದಿಂದ ಕಣ್ಣೆತ್ತಲಿಲ್ಲ. "ಗಿರಾಕಿ ಕೇಳ್ಯಾರ. ಅರ್ಧಕ್ಕ ಗುರುತು, ಅರ್ಧಕ್ಕ ಇಲ್ಲ."

"ಯಾರು ಗಿರಾಕಿ?"

"ಕಮಲಾಪುರದ ಕಲ್ಯಾಣಪ್ಪ. ಮಹಾಗಾಂವ ಕ್ರಾಸಿನಾಗ ಇನ್ನೊಂದು ಹೋಟೆಲ್ ತಗೀತಾನಂತ. ಮೊದಲಿನ ಹೋಟೆಲಿಗೂ ಹಿಂಗೇ ಕೊಟ್ಟಿದ್ದೆ."

ದಿಲೀಪನ ಕೈಯಿಂದ ಕಪ್ ಜಾರಿತು. ಒಡೆಯಲಿಲ್ಲ. ಒಡೆಯುವಂಥ ಮಾಲನ್ನು ಅವನ ಅಕ್ಕ ಮಾಡುತ್ತಿರಲಿಲ್ಲ.

ಕಲಬುರಗಿಯ ನೆಹರು ಗಂಜಿನ ಹಿಂದೆ ಅವಳ ಶೆಡ್ಡು. ಗಂಜಿನಲ್ಲಿ ಬೇಳೆಗೆ ಬೆಲೆ, ತೊಗರಿ ಕಟ್ಟಿಗೆಗೆ ಒಲೆ. ಆ ಕಟ್ಟಿಗೆಯನ್ನೇ ಪಂಚಶೀಲಾ ಪುಡಿ ಮಾಡಿ, ಪಾಲಿಮರ್ ಬೆರೆಸಿ, ಕಾವಿನಲ್ಲಿ ಒತ್ತಿ ಕಪ್ ಮಾಡುತ್ತಿದ್ದಳು. ಸುಲಭದ ಕೆಲಸವಲ್ಲ. ನಾರಿಗೆ ನೀರೆಂದರೆ ಪ್ರಾಣ, ಪಾಲಿಮರ್‌ಗೆ ನೀರೆಂದರೆ ಮೈಲಿಗೆ. ಇಬ್ಬರ ಕೈಯನ್ನೂ ಹಿಡಿಯುವ ಮೂರನೆಯ ರಾಸಾಯನಿಕವೊಂದನ್ನು ಚಿಟಿಕೆಯಷ್ಟು ಹಾಕಿದರೆ ಮಾತ್ರ ಅವು ಕೂಡುತ್ತವೆ. ಊರನ್ನೂ ಕೇರಿಯನ್ನೂ ಹಾಗೆ ಕೂಡಿಸುವಂಥದ್ದು ಇನ್ನೂ ಯಾವ ಅಂಗಡಿಗೂ ಬಂದಿಲ್ಲ.

ಕಲ್ಯಾಣಪ್ಪನ ಹೋಟೆಲಿನಲ್ಲಿ ಒಳಗೆ ಕೂತವರಿಗೆ ಸ್ಟೀಲಿನ ಲೋಟ, ಕೇರಿಯವರಿಗೆ ಹೊರಗಿನ ಕಿಟಕಿಕಟ್ಟೆಯ ಮೇಲೆ ಗಾಜಿನ ಲೋಟ. ನಲವತ್ತು ವರ್ಷ ಇದೇ ನಡೆಯಿತು. ದಿಲೀಪನ ಗೆಳೆಯರು ದೂರು ಕೊಡುತ್ತೇವೆಂದಾಗ ಸಾಹುಕಾರ ಹಠಾತ್ತನೆ ಸಮಾನತಾವಾದಿಯಾದ. ನಾಲ್ಕು ತಿಂಗಳ ಹಿಂದೆ ನಾರಿನ ಕಪ್‌ಗಳನ್ನು ಫೋನಿನಲ್ಲೇ ತರಿಸಿದ. ಫೋನಿನಲ್ಲಿ ಅವನಿಗೆ ಕೇಳಿಸಿದ್ದು ಯಾರೋ ಎಂಎಸ್ಸಿ ಓದಿದ ಮೇಡಂ ದನಿ. ದನಿಗೆ ಕೇರಿ ಇರುವುದಿಲ್ಲ. 'ಇಲ್ಲಿ ಎಲ್ಲರಿಗೂ ಒಂದೇ ಕಪ್' ಎಂದು ಬೋರ್ಡು ಹಾಕಿದ. ಪೇಪರಿನಲ್ಲಿ ಫೋಟೋ ಬಂತು. ಆ ತುಣುಕನ್ನು ಇವರ ಅಪ್ಪ ದತ್ತಪ್ಪ ಅಂಗಿಯ ಕಿಸೆಯಲ್ಲಿ ಮಡಿಸಿ ಇಟ್ಟುಕೊಂಡಿದ್ದ.

"ಅಪ್ಪ ಊರತುಂಬ ಹೇಳ್ಕೋತ ತಿರಗಾಕತ್ಯಾನ," ದಿಲೀಪ ಕಪ್ಪನ್ನು ಎತ್ತಿ ಹಿಡಿದ. "ಸಾಯೋದ್ರೊಳಗ ಒಂದೇ ಕಪ್ಪಿನಾಗ ಚಹಾ ಕುಡದೆ ಅಂತ. ಒಳಗಿನವ್ರಿಗೆ ನುಣ್ಣಂದು, ಹೊರಗಿನ ಬೆಂಚಿಗೆ ಚುಕ್ಕಿದು! ಅದನ್ನ ಒತ್ತಿದಾಕಿ ಅವನ ಮಗಳೇ. ಕಲ್ಲು ಹೊತ್ತು ಓದಿಸಿದ್ದು ಇದಕ್ಕೇನು?"

"ನಾ ಒಲ್ಲೆ ಅಂದಿದ್ರ ಬ್ಯಾರೆ ಯಾರರ ಒತ್ತಿ ಕೊಡ್ತಿದ್ರು. ನಾನೇ ಒತ್ತೋದು ಚಲೋ ಅನಿಸ್ತು."

"ಎಲ್ಲಾ ದಲ್ಲಾಳಿಗೋಳೂ ಇದೇ ಮಾತಾಡ್ತಾರ. ಐತವಾರ ಕಮಲಾಪುರಕ್ಕ ನಡಿ. ಎಲ್ಲಾರ ಎದುರು ಕಪ್ ತಿರುವಿ ತೋರಸ್ತೀನಿ. ಮಾಡಿದಾಕಿ ಯಾರಂತ ಅಪ್ಪನ ಮುಂದ ನೀನೇ ಹೇಳ್ಬೇಕು. ಆಮ್ಯಾಲೆ ನೀ ನನ್ನ ಅಕ್ಕ ಅಲ್ಲ."

ಪಂಚಶೀಲಾ ಕೈ ಒರೆಸಿಕೊಂಡಳು. "ಬರ್ತೀನಿ. ಅಲ್ಲಿ ಕುದಿಯೋ ನೀರಾಗೇ ತೊಳೀತಾರಿಲ್ಲೋ? ತಣ್ಣೀರು ಮುಟ್ಟಿಸಬ್ಯಾಡ್ರಿ ಅಂತ ಬರದು ಕೊಟ್ಟೀನಿ."

"ನಿಂಗ ನಿನ್ನ ಮಾಲಿನ ಚಿಂತಿ!" ಎಂದು ದಿಲೀಪ ಬೈಕಿಗೆ ಒದ್ದ.

ಭಾನುವಾರ ಬೆಳಿಗ್ಗೆ ಹೋಟೆಲು ತುಂಬಿತ್ತು. ಕಲ್ಯಾಣಪ್ಪ ಗಲ್ಲಾದಲ್ಲಿ ಕೂತು, ದಿನದಂತೆ, ತನ್ನ ಖಾಲಿ ಕಪ್ಪನ್ನು ತಿರುವಿ ತಳ ನೋಡಿಕೊಂಡ. ನುಣುಪು. ಸಮಾಧಾನದಿಂದ ಚಹಾ ಹೊಯ್ಯಿಸಿಕೊಂಡು ಗುಟುಕರಿಸಿದ. ಹೊರಗಿನವರ ಬುಟ್ಟಿಗೆ ಮಾತ್ರ ಅವನು ಒಂದು ದಿನವೂ ಬೆರಳು ತಾಗಿಸಿದವನಲ್ಲ. ಹಿತ್ತಲಲ್ಲಿ ಇಮಾಮಬಿ ಹಬೆಯಾಡುವ ಟಬ್ಬಿನ ಮುಂದೆ ಕೂತು ತೊಳೆದ ಕಪ್‌ಗಳನ್ನು ಎರಡು ಬುಟ್ಟಿಗೆ ಹಾಕುತ್ತಿದ್ದಳು. ದುವಾ ಹೇಳುವವಳಂತೆ ಅವಳ ತುಟಿ ಅಲುಗುತ್ತಿತ್ತು.

"ಬಾರೋ ದಿಲೀಪ," ಕಲ್ಯಾಣಪ್ಪ ನಕ್ಕ. "ಮೊಬೈಲ್ ಹಿಡದೀಯಲ್ಲ, ಬೋರ್ಡೂ ಬರ್ಲಿ ಅದರಾಗ."

"ಬರ್ತದ, ಸಾವ್ಕಾರ್ರ." ದಿಲೀಪ ವಿಡಿಯೋ ಹಚ್ಚಿ ಮೊಬೈಲನ್ನು ಗೆಳೆಯನ ಕೈಗಿತ್ತ. ಹೊರಗಿನ ಬುಟ್ಟಿಯನ್ನು ಬೆಂಚಿನ ಮೇಲೆ ಸುರಿದ. "ಎಲ್ಲಾರೂ ನೋಡ್ರಿ, ಇದರ ತಳದಾಗ..."

ನುಣುಪು.

ಎರಡನೆಯದು ನುಣುಪು. ಹತ್ತನೆಯದೂ ಅಷ್ಟೆ. ಕೊನೆಗೆ ಅಪ್ಪನ ಕೈಯದನ್ನೇ ಕಸಿದು ತಿರುವಿದ. ನುಣುಪು.

"ಏ ಹುಚ್ಚಪ್ಪಾ, ಚಹಾ ಚೆಲ್ಲಿದೆಲ್ಲೋ!" ದತ್ತಪ್ಪ ಎದ್ದು ನಿಂತ. "ನಾ ಬಡಕೊಳ್ಳಾಕತ್ತೀನಿ, ಎಲ್ಲಾರಿಗೂ ಒಂದೇ ಅಂತ. ಮಗನಿಗೆ ಮಾತ್ರ ನಂಬಿಕಿಲ್ಲ."

ಒಳಗಿನವರೂ ಹೊರಗಿನವರೂ ಸೇರಿ ನಕ್ಕರು. ದಿಲೀಪ ಕಪ್ಪನ್ನು ಅಪ್ಪನಿಗೆ ಮರಳಿ ಕೊಟ್ಟ. ತಪ್ಪಾಯಿತು ಎನ್ನಲು ಬಾಯಿ ತೆರೆದ.

ಆದರೆ ಎಲ್ಲರಿಗಿಂತ ಜೋರಾಗಿ ನಗಬೇಕಾದವನು ನಗುತ್ತಿರಲಿಲ್ಲ. ಕಲ್ಯಾಣಪ್ಪ ಗಲ್ಲಾ ಬಿಟ್ಟು ಎದ್ದಿದ್ದ. ಬೆಂಚಿನ ಮೇಲಿನ ಕಪ್‌ಗಳನ್ನು ನೋಡಿದ. ತನ್ನ ಕೈಯಲ್ಲಿದ್ದ, ಅರ್ಧ ಕುಡಿದ ಕಪ್ಪನ್ನು ನೋಡಿದ. ಅದನ್ನು ಮೈಯಿಂದ ದೂರ ಹಿಡಿದ.

"ಚುಕ್ಕಿ ಎಲ್ಲಿ ಹೋದ್ವು?"

ಮೊಬೈಲು ಇನ್ನೂ ಓಡುತ್ತಿತ್ತು. ನಗು ನಿಂತಿತು. ದತ್ತಪ್ಪನ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು. "ಯಾವ ಚುಕ್ಕಿ, ಸಾವ್ಕಾರ್ರ?"

ಬಾಗಿಲಲ್ಲಿದ್ದ ಪಂಚಶೀಲಾ ಮುಂದೆ ಬಂದಳು. "ಹೊರಗಿನವ್ರ ಕಪ್ಪಿಗೆ ಸಾವ್ಕಾರ್ರು ಒತ್ತಿಸಿದ ಗುರುತು, ಅಪ್ಪಾ. ಒತ್ತಿದ ನಾರು ಕುದಿನೀರು ಕುಡದು ಉಬ್ಬಿ ಎದ್ದು ನಿಂತಾವ. ಮೊದಲನೇ ಸಲ ತೊಳದಾಗೇ. ಅದಕ್ಕಂತನೇ ತಳಕ್ಕ ಪಾಲಿಮರ್ ಕಮ್ಮಿ ಹಾಕಿದ್ದೆ."

ಫೋನಿನ ಮೇಡಂ ದನಿ ಕಲ್ಯಾಣಪ್ಪನಿಗೆ ಗುರುತು ಸಿಕ್ಕಿತು. ಅವಳಿಗೆ ಏನೂ ಅನ್ನಲಾಗದೆ ಹಿತ್ತಲ ಕಡೆ ತಿರುಗಿ ಕಿರುಚಿದ. "ಇಮಾಮಬೀ! ಹಂಗಾರ ನಾಕು ತಿಂಗಳು ಒಳಗಿನ್ವೂ ಹೊರಗಿನ್ವೂ ಹೆಂಗ ಬ್ಯಾರೆ ಮಾಡಿದಿ?"

"ಎಣಿಸಿ ಹಾಕ್ದೆ ರೀ, ಸಾವ್ಕಾರ್ರ," ಇಮಾಮಬಿ ಸೆರಗಿಗೆ ಕೈ ಒರೆಸಿಕೊಂಡಳು. "ಮೂವತ್ತು ಒಳಗ, ಮೂವತ್ತು ಹೊರಗ. ಯಾವ್ದು ಕೈಗೆ ಬಂತೋ ಅದು."