ದೃಷ್ಟಿಯ ತುತ್ತು

ಜರ್ಮನಿಯ ಆ ಶಿಶುವಿಹಾರದಲ್ಲಿ ಮಗು ಒಗ್ಗಿಕೊಳ್ಳುವ ತನಕ ಎರಡು ವಾರ ತಾಯಿಯೂ ಜೊತೆಗೆ ಕೂರಬೇಕು. ಮೊದಲ ದಿನವೇ ಸುಚೇತಾ ಮೊಸರನ್ನ ಕಲಸಿ ಮಗನ ಬಾಯಿಗಿಟ್ಟಳು. ಉಳಿದ ಹನ್ನೊಂದು ಮಕ್ಕಳು ಪಿಳಿಪಿಳಿ ನೋಡಿದವು. ಮಗನಿಗೆ ದೃಷ್ಟಿಯಾದೀತೆಂದು ಅವಕ್ಕೂ ಒಂದೊಂದು ತುತ್ತು ತುರುಕಿದಳು.

“ಇಲ್ಲಿ ಮಕ್ಕಳು ತಾವೇ ತಿನ್ಬೇಕು,” ಟೀಚರು ಹುಬ್ಬು ಗಂಟಿಕ್ಕಿದಳು.

“ತಿನ್ಲಿ ಬಿಡಿ, ಮದುವೆ ಆದ್ಮೇಲೆ.”

“ಏಳು ತಿಂಗಳು ಕಾದು ಸಿಕ್ಕಿದ ಸೀಟು ಕಣೇ!” ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡ. ಅವಳು ಕೇಳಲಿಲ್ಲ, ಎರಡು ವಾರವೂ ಅದೇ ನಡೆಯಿತು.

ಮೂರನೆಯ ವಾರ ಟೀಚರ ಫೋನ್ ಬಂತು. “ಊಟದ ಹೊತ್ತಿಗೆ ಸ್ವಲ್ಪ ಬರ್ತೀರಾ?”

“ಯಾಕೆ, ನಮ್ಮೋನು ಹಟ ಮಾಡ್ತಿದಾನಾ?”

“ಇಲ್ಲ, ಅವನು ಚಮಚದಲ್ಲೇ ತಿಂತಿದಾನೆ. ಉಳಿದ ಹನ್ನೊಂದೂ ಬಾಯಿ ಬಿಟ್ಕೊಂಡು ಕೂತಿದಾವೆ.”