ಕೆಂಪು ಕಾರಿನ ಹಿಂದಿನ ಸೀಟು

ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಬಾಗಿಲ ಹಿಡಿಕೆ ಹುಡುಕುತ್ತದೆ.

ಮುಂಬೈಯಲ್ಲಿ ದೊಡ್ಡ ನೆರೆ ಬಂದ ಮರುವರ್ಷ, ಪಕ್ಕದ ಥಾಣೆ ನಗರದಲ್ಲಿ ಹೋಟೆಲು ನಡೆಸುತ್ತಿದ್ದ ಮಾವ ಜಪಾನಿನ ಪುಟ್ಟ ಕೆಂಪು ಕಾರೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದರು.

"ರೇಸಿನಲ್ಲಿ ಗೆದ್ದ ವಂಶದ್ದು. ಕಾಲಿಟ್ಟರೆ ಸಾಕು, ಹಾರ್ತದೆ!" ಎಂದರು.

ಅಮ್ಮ ಹಿಂದಿನ ಸೀಟಿನೆದುರಿನ ಮ್ಯಾಟ್ ಎತ್ತಿ, ಬೆರಳೊತ್ತಿ ಮೂಸಿದಳು. "ಅಣ್ಣಾ, ಇದು ನೀರಲ್ಲಿ ಮುಳುಗಿದ ಗಾಡಿಯಲ್ವಾ?"

"ಇಡ್ಲಿ ಹಿಟ್ಟು ಮೂಸಿದ ಹಾಗೆ ಮೂಸ್ಬೇಡ ಮಾರಾಯ್ತಿ. ಕೂತ್ಕೊ."

ಮಾವ ನಮ್ಮಿಬ್ಬರನ್ನು ಹಿಂದೆ ಕೂರಿಸಿಕೊಂಡು ಹೊರಟರು. ಮಾಜಿವಾಡಾ ಬಳಿ, ಹೆದ್ದಾರಿಯ ನಡುವೆಯೇ ಎಂಜಿನ್ ನಿಂತುಹೋಯಿತು. ಬಾಗಿಲುಗಳ ಲಾಕ್ ತೆರೆಯಲಿಲ್ಲ, ಕಿಟಕಿಯ ಗಾಜೂ ಇಳಿಯಲಿಲ್ಲ. ಹಿಂದಿನಿಂದ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅಮ್ಮ ನನ್ನನ್ನು ಕೆಳಕ್ಕೆ ತಳ್ಳಿ ಮೇಲೆ ಬಿದ್ದಳು. ಒದ್ದೆ ಕಂಬಳಿಯಂತೆ ನಾರುತ್ತಿದ್ದ ಕಾರಿನ ನೆಲಕ್ಕೆ ಮುಖವೊತ್ತಿಕೊಂಡು ನಾನು ಬ್ರೇಕಿನ ಕಿರುಚಾಟ ಕೇಳಿದೆ. ಟ್ಯಾಂಕರ್ ಗೇಣು ದೂರದಲ್ಲಿ ನಿಂತಿತ್ತು.

ಮುಂದಿನ ಭಾನುವಾರ ಕಾರು ಕೊಳ್ಳಲು ಗಂಡ ಹೆಂಡತಿ ಬಂದರು, ಜೊತೆಗೆ ಅವರ ಪುಟ್ಟ ಮಗಳು. ಮಾವ ಸೀಟುಗಳಿಗೆಲ್ಲ ಅತ್ತರು ಹಚ್ಚಿದ್ದರು. ಆ ಹೆಂಗಸು ಅಮ್ಮನತ್ತ ತಿರುಗಿ, "ಭಾಭೀ, ಗಾಡಿ ಠೀಕ್ ಹೈ ನಾ?" ಎಂದು ಕೇಳಿದಳು.

ಅಮ್ಮ ತನ್ನ ಅಣ್ಣನ ಮುಖ ನೋಡಿದಳು. ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದ ಮಗುವಿನತ್ತ ನೋಡದೆಯೇ, "ಹಾಂ, ಬಹುತ್ ಆರಾಮ್ ಹೈ" ಎಂದಳು.