ಹಗುರ ಇಂಜಿನ್ ಬಂದ ದಿನ

ಡೀಸೆಲ್ ವಾಸನೆ ಬಂದರೆ ಈಗಲೂ ನನಗೆ ಘಟಪ್ರಭೆಯ ದಂಡೆ ನೆನಪಾಗುತ್ತದೆ.

ಪಂಚಮಿಗೆಂದು ಅವ್ವ ನನ್ನನ್ನು ಕರೆದುಕೊಂಡು ಹೊಳೆಯಾಚೆಯ ಮಸಗುಪ್ಪಿಗೆ, ತನ್ನ ತವರಿಗೆ ಹೊರಟಿದ್ದಳು. ಅಂಬಿಗ ಕಾಕಾ ಅಂದೇ ದೋಣಿಯ ಹಿಂಬದಿಯಲ್ಲಿದ್ದ, ಹಿಂದೆ ಗಾಣದಿಂದ ತಂದು ಹಾಕಿದ್ದ ಭಾರೀ ಇಂಜಿನ್ ಕಿತ್ತು, ಹಸಿರು ಬಣ್ಣದ ಹಗುರ ಇಂಜಿನ್ ಕೂಡಿಸಿದ್ದ. ಜನ ಹತ್ತಿದರು, ದೋಣಿಯ ಮೂತಿ ನೀರಿಗೆ ಬಾಗಿತು.

“ಭಾರ ಭಾಳ ಆತು. ಹೆಣ್ಮಕ್ಕಳು ಇಳೀರಿ, ನಾಳೆ ಬರ್ರಿ,” ಎಂದ ಕಾಕಾ.

ಅವ್ವ ಇಳಿಯಲಿಲ್ಲ. “ಕಾಕಾ, ಹಳೇ ಇಂಜಿನ್ನಿಗೆ ಸರಿದೂಗಾಕ ಮುಂದ ಇಟ್ಟಿದ್ದ ಕಲ್ಲು ಇನ್ನೂ ಅಲ್ಲೇ ಅದಾವು. ಅವಕ್ಕೂ ತವರಮನಿ ಐತೇನ್ರಿ?”

ದೋಣಿ ತುಂಬ ನಗು. ಕಾಕಾ ನಾಲಿಗೆ ಕಚ್ಚಿಕೊಂಡು ಕಲ್ಲುಗಳನ್ನು ಒಂದೊಂದಾಗಿ ಹೊಳೆಗೆ ಉರುಳಿಸಿದ. ಮೂತಿ ಮೇಲೆದ್ದಿತು.

“ಬಾ ತಂಗಿ, ಆ ಜಾಗಾ ನಿಂದ,” ಎಂದ.

ಮುಂದೆ ಕೂತ ಅವ್ವನ ತಲೆಯ ಮೇಲಿನ ಸೆರಗು ಗಾಳಿಗೆ ಜಾರಿತು. ಆಚೆ ದಂಡೆ ಬರುವ ತನಕ ಅವಳು ಅದನ್ನು ಎಳೆದುಕೊಳ್ಳಲಿಲ್ಲ.